ರೋಶನಬಿಯ ಗೆಳತಿ ನಿಲ್ಲಿಸಿದ ಶಬ್ದ

ಗದಗ, ಫೆಬ್ರವರಿ ೩೦, ೨೩೧೮

ನೀಲಗಂಗಾ ಅಜ್ಜಿಯವರಿಗೆ ನಮಸ್ಕಾರ.

ನಿಮಗಿನ್ನೂ ಇಪ್ಪತ್ತಾರು ವರ್ಷ. ಅಜ್ಜಿ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡಿ. ತಾರೀಖು ನೋಡಿಯೂ ಗಾಬರಿಯಾಗಬೇಡಿ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ನಮ್ಮಲ್ಲಿ ಕ್ಯಾಲೆಂಡರಿನಲ್ಲಿ ಇಲ್ಲದ ದಿನ ಮಾತ್ರ ತೆರೆದಿರುತ್ತದೆ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ನಾನದನ್ನು ಅರ್ಧ ಮನೆಯಲ್ಲಿ, ಅರ್ಧ ನಿಮ್ಮ ಧ್ವನಿಯಿಂದ ಕಲಿತೆ.

ನಾನೂ ನಿಮ್ಮಂತೆಯೇ ನರ್ಸು. ನಮ್ಮ ಆಸ್ಪತ್ರೆಯ ವಾರ್ಡುಗಳು ಕಪ್ಪತಗುಡ್ಡದ ಮೇಲೆ ದೊಡ್ಡ ಬಲೂನುಗಳಿಂದ ತೂಗುತ್ತವೆ. ರಾತ್ರಿ ಗಾಳಿಗೆ ದೂರ ತೇಲಿಹೋದವನ್ನು ಬೆಳಿಗ್ಗೆ ಹಗ್ಗ ಹಿಡಿದು ಮೆಲ್ಲಗೆ ಎಳೆದುಕೊಳ್ಳುತ್ತೇವೆ. ಮುಳುಗಿದ ದ್ವೀಪಗಳಿಂದ ಬಂದ ಮುದುಕರು ಅಲ್ಲಿದ್ದಾರೆ. ಅವರಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಯಾವ ಮಾತನ್ನಾದರೂ ಅನುವಾದಿಸುವ ಕಿವಿದುಭಾಷಿ ಎಂಬ ಯಂತ್ರ ಎಲ್ಲರ ಬಳಿಯೂ ಇದೆ. ಆದರೆ ರೋಗಿಯ ಮಂಚದ ಬಳಿ ಅದನ್ನು ತೆಗೆದಿಡಬೇಕೆಂಬುದು ಕಾನೂನು. ಆದ್ದರಿಂದ ಪ್ರತಿ ನರ್ಸೂ ಬರಿಬಾಯಿ ಪರೀಕ್ಷೆ ಎಂಬ ಇಂಗ್ಲಿಷ್ ಪರೀಕ್ಷೆಗೆ ಕೂರಬೇಕು. ಹಗ್ಗ ಎಳೆಯುವಾಗ ನಿಮ್ಮ ಧ್ವನಿಮುದ್ರಣ ಹಾಕಿಕೊಂಡು, ನಿಮ್ಮೊಂದಿಗೆ ಶಬ್ದಗಳನ್ನು ಬಾಯಿಪಾಠ ಮಾಡುತ್ತೇವೆ.

ವಿದೇಶಕ್ಕೆ ಹೋಗುವ ನರ್ಸುಗಳ ಇಂಗ್ಲಿಷ್ ಪರೀಕ್ಷೆಗೆ ಓದುತ್ತ, ನೀವು ಹಾಸ್ಟೆಲ್ ಕೋಣೆಯಲ್ಲಿ ಕೂತು ಫೋನಿಗೆ ಹೇಳಿದ್ದೆಲ್ಲ ಉಳಿದಿದೆ. ನೀವು ಯಾವ ಶಬ್ದಕ್ಕೂ ಬರೀ ಅರ್ಥ ಹೇಳಲಿಲ್ಲ, ಮನುಷ್ಯರನ್ನು ತಂದು ನಿಲ್ಲಿಸಿದಿರಿ. “ರಿಲಕ್ಟಂಟ್ ಅಂದ್ರ, ನಾವು ಹೊತ್ತಾಗಿ ಬಂದಾಗ ಒಲ್ಲದ ಮನಸ್ಸಿಲೆ ಗೇಟ್ ತಗಿಯೂ ಬಸಕ್ಕನ ಮಾರಿ.” ಹಿಂದಿನಿಂದ ನಿಮ್ಮ ಕೋಣೆಯ ರೋಶನಬಿ ನಗುತ್ತಾರೆ: “ಬಸಕ್ಕಗ ಗೊತ್ತಾದ್ರ ನಾಳೆ ನಿನಗ ರೊಟ್ಟಿ ಸಿಗಂಗಿಲ್ಲ ನೋಡ!” ಅಬಂಡಂಟ್, ಅಂದರೆ ಹೇರಳ, ನಮಗೆ ಇಂದಿಗೂ ನಿಮ್ಮ ಮೆಸ್ಸಿನ ಸಾರಿನಲ್ಲಿರುವ ನೀರು.

ಇದರಿಂದ ಎಡವಟ್ಟೂ ಆಗುತ್ತದೆ. ಮಾದರಿ ಪರೀಕ್ಷೆಯಲ್ಲಿ ರಿಲಕ್ಟಂಟ್ ಎಂದರೇನು ಎಂದು ಕೇಳಿದಾಗ ನಾನು ಬಸಕ್ಕನ ಕಥೆ ಹೇಳತೊಡಗಿದೆ. ಇದು ಪರೀಕ್ಷೆ ಎಂದು ಅರ್ಧಕ್ಕೆ ನೆನಪಾಗಿ ಗಕ್ಕನೆ ನಿಂತೆ. ಪರೀಕ್ಷಕಿ ಕನ್ನಡಕ ತೆಗೆದು, “ಮುಂದ ಹೇಳವಾ, ಕಡೀಕೆ ಗೇಟ್ ತಗದ್ಲೋ ಇಲ್ಲೋ?” ಎಂದರು. ಅವರೂ ನಿಮ್ಮಿಂದಲೇ ಕಲಿತವರು.

ಈಗ ಮುಖ್ಯ ವಿಷಯ. ನಿಮ್ಮ ಧ್ವನಿ ‘ಸೂದ್’ ಎಂಬ ಶಬ್ದದಲ್ಲಿ ನಿಲ್ಲುತ್ತದೆ. “ಸೂದ್ ಅಂದ್ರ...” ಎನ್ನುತ್ತೀರಿ. ಆಮೇಲೆ, “ಸಾಕವಾ ರೋಶನ್. ಮೂರನೇ ಸಲಾನೂ ಫೇಲ್. ಇನ್ನ ನನ್ನ ಕೈಲೆ ಆಗೂದಿಲ್ಲ.” ಮುಂದೆ ಏನೂ ಇಲ್ಲ. ನೀವು ಮತ್ತೆ ಪರೀಕ್ಷೆಗೆ ಕೂತಿರೋ ಇಲ್ಲವೋ ನಮಗೆ ತಿಳಿಯದು. ಈ ಪತ್ರ ಆ ಸಂಜೆಯೇ ನಿಮ್ಮ ಕೈ ಸೇರುವಂತೆ ಅಂಚೆಯವರನ್ನು ಕೇಳಿಕೊಂಡಿದ್ದೇನೆ.

ನನ್ನ ವಾರ್ಡಿನಲ್ಲಿ ಐರಿಸ್ ಎಂಬ ಅಜ್ಜಿ ಇದ್ದಾರೆ. ಹೆಚ್ಚು ದಿನ ಉಳಿಯುವವರಲ್ಲ. ಬಲೂನು ಅಲುಗಿದಾಗಲೆಲ್ಲ ತಮ್ಮ ದ್ವೀಪ ಮತ್ತೆ ಮುಳುಗುತ್ತಿದೆಯೆಂದು ಹೆದರಿ ನನ್ನ ತೋಳು ಹಿಡಿದು ಆ ‘ಸೂದ್’ ಎಂಬ ಶಬ್ದವನ್ನೇ ಹೇಳುತ್ತಾರೆ. ಸಂತೈಸು ಎಂದು ನಿಘಂಟಿನಲ್ಲಿದೆ, ನನಗದು ಗೊತ್ತು. ಆದರೆ ಆ ಶಬ್ದದ ಹಿಂದೆ ಯಾರೂ ನಿಂತಿಲ್ಲ, ನನ್ನ ಕೈಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಅದರ ಹಿಂದೆ ನನ್ನ ತಾಯಿಯನ್ನು ನಿಲ್ಲಿಸಿ ನೋಡಿದೆ. ಅವರು ತುಂಬ ಒಳ್ಳೆಯವರು, ಆದರೆ ಅಳುವವರನ್ನು ಗದರಿಸುವವರು.

ನಾಲ್ಕನೇ ಸಲ ಕೂತು ಪಾಸಾಗಿ ಎಂದು ಹೇಳುವ ಹಕ್ಕು ನನಗಿಲ್ಲ. ಫೇಲಾದ ಈ ಸಂಜೆ ನಿಮ್ಮ ಪಕ್ಕದಲ್ಲಿ ಯಾರು ಬಂದು ಕೂತರು, ಏನೆಂದರು, ಕೈ ಎಲ್ಲಿಟ್ಟರು, ಅಷ್ಟನ್ನು ‘ಸೂದ್ ಅಂದ್ರ’ ಎಂಬುದರ ಮುಂದೆ ಫೋನಿಗೆ ಹೇಳಿ. ಬಹುಶಃ ಅವರು ಇನ್ನೂ ಅಲ್ಲಿಯೇ ಕೂತಿದ್ದಾರೆ.

ಇತಿ ನಿಮ್ಮ ವಿದ್ಯಾರ್ಥಿನಿ,
ಮುಗಿಲವ್ವ