ಹಳೆ ಗಿಡದ ತೊಗಟೆ

ಏಪ್ರಿಲ್ 3, 2024. ಬುಧವಾರ

ಇವತ್ತು ಇಪ್ಪತ್ತೆರಡು ಗಿಡ ಆದವು. ಪಕ್ಕದ ಹೊಲದ ಖಾಸೀಂಬಿಯ ಅರವತ್ತು ಎಳೆ ನಿಂಬೆ ಗಿಡಗಳಲ್ಲಿ. ಕಾಂಡ ಸೀಳಿ, ನನ್ನ ಹಳೆ ಗಿಡದ ತೊಗಟೆಯ ಚೂರು ಒಳಗಿಟ್ಟು, ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ಬೆರಳೆಲ್ಲ ಉರಿ.

ಹಳೆ ಗಿಡದಲ್ಲಿ ಮೆತ್ತನೆಯ, ಅಂದರೆ ಹೆಚ್ಚು ಕೇಡು ಮಾಡದ ವೈರಸ್ ಇರಬಹುದು, ತೊಗಟೆಯಿಂದ ಅದು ಎಳೆ ಗಿಡದ ಒಳಗೆ ಸೇರಿದರೆ ಗಿಡ ಕೊಲ್ಲುವ ವೈರಸ್ಸಿಗೆ ಜಾಗ ಬಿಡುವುದಿಲ್ಲ — ಸಂಶೋಧನಾ ಕೇಂದ್ರದ ಅಮರನಾಥ ಸರ್ ಹೇಳಿದ್ದು. ಎಲೆ ಲ್ಯಾಬಿಗೆ ಒಯ್ದಿದ್ದಾರೆ. "ರಿಪೋರ್ಟ್ ಬರೋತನಕ ಯಾವ ಗಿಡಕ್ಕೂ ಹಚ್ಚಬ್ಯಾಡ್ರಿ ಅಕ್ಕಾರ" ಅಂದಿದ್ದರು.

ಕಾಯಲಿಲ್ಲ. ಹೋದ ವರ್ಷ ನಾನು ಟೈಫಾಯ್ಡ್ ಬಂದು ಮಲಗಿದಾಗ ಎಂಟು ದಿನ ನನ್ನ ತೋಟದ ನಿಂಬೆಕಾಯಿ ಕಿತ್ತುಕೊಟ್ಟವಳು ಖಾಸೀಂಬಿ. ಆ ಮುಯ್ಯಿ ತೀರಿಸದೆ ಯುಗಾದಿ ದಾಟಿಸಿದರೆ ಯಾವ ಮುಖ ಇಟ್ಟುಕೊಂಡು ಅವಳನ್ನು ಮತ್ತೆ ಕರೆಯಲಿ? ಹನ್ನೆರಡು ವರ್ಷದ ಗಿಡ, ಗಟ್ಟಿಮುಟ್ಟಾಗಿದೆ. ಇನ್ನೇನು ರಿಪೋರ್ಟ್.

ಜೂನ್ 30

ಖಾಸೀಂಬಿಯ ಗಿಡಗಳ ಎಲೆ ನರ ಬಿಳಚಿವೆ. "ಹಿಂಗ್ಯಾಕ ಬೇ?" ಕೇಳಿದಳು. "ಮೆತ್ತಂದು ಒಳಗ ಕುಂದರಾಕತ್ತದ, ಹಂಗೇ ಆಗ್ತದ" ಅಂದೆ. ದೊಡ್ಡ ಡಾಕ್ಟರ ಹಾಗೆ. ನಂಬಿದಳು.

ಸೆಪ್ಟೆಂಬರ್ 12. ಮಧ್ಯಾಹ್ನ

ತುದಿಯಿಂದ ಒಣಗುತ್ತಿವೆ. ತೊಗಟೆ ಹಚ್ಚಿದ ನಲವತ್ತೂ.

ಸರ್ ಫೋನ್. "ನಿಮ್ಮ ಹಳೆ ಗಿಡದಾಗ ಎರಡೂ ಅದಾವ್ರಿ. ಮೆತ್ತಂದು ಕೆಟ್ಟದ್ದನ್ನ ಅದುಮಿ ಇಟ್ಟಿತ್ತು. ಎಳೆ ಗಿಡಕ್ಕ ಹೋದ್ರ ಕೆಟ್ಟದ್ದೇ ಮೇಲುಗೈ ಆಗಬಹುದು. ಯಾರಿಗೂ ಕೊಟ್ಟಿಲ್ಲಲ್ರಿ?"

"ಇಲ್ರಿ" ಅಂದೆ.

ಯಾಕೆ ಹಾಗೆ ಅಂದೆ... ಊಟ ಸೇರಲಿಲ್ಲ.

ಅಕ್ಟೋಬರ್ 21

ಖಾಸೀಂಬಿ ಒಣಗಿದ ಗಿಡ ಕಿತ್ತಳು. ನಾನೂ ಹಾರೆ ಹಿಡಿದೆ. ಗಂಡ ಸತ್ತ ಮೇಲೆ ಅವಳು ನಂಬಿಕೊಂಡದ್ದು ಈ ತೋಟ ಒಂದನ್ನೇ. ನಡುವೆ ಕೂತು ನೀರು ಕುಡಿದಳು. "ನನ್ನ ಮಣ್ಣೇ ಸರಿ ಇಲ್ಲ ಬೇ. ನಿನ್ನ ಕೈಗುಣದಿಂದ ಇಷ್ಟು ದಿವಸರ ಉಳಿದ್ವು."

ನಿಜ ಬಾಯಿವರೆಗೆ ಬಂತು. ಹಾರೆ ಎತ್ತಿಕೊಂಡು ಮುಂದಿನ ಗಿಡಕ್ಕೆ ಹೋದೆ. ನನ್ನಂಥ ಹೇಡಿ ಇಲ್ಲ.

ಕೊನೆಯ ಸಾಲಿನ ಇಪ್ಪತ್ತು ಗಿಡ ಹಸಿರಾಗಿವೆ. ಆಗ ಯುಗಾದಿ ಬಂದು ಅವಕ್ಕೆ ಹಚ್ಚಿರಲಿಲ್ಲ. "ಇವಕ್ಕೂ ಆ ಬ್ಯಾನಿ ಬರೋದ್ರಾಗ ನಾಳೆ ಹಚ್ಚಿಬಿಡು" ಅಂದಳು.

ಆಗಲಿ ಅಂದುಬಿಟ್ಟೆ.

ಅಕ್ಟೋಬರ್ 22. ಬೆಳಿಗ್ಗೆ 9

ಇವತ್ತು ಹೇಳುತ್ತೇನೆ. ಚಹಾ ಕೊಟ್ಟು, ಕೂಡಿಸಿ, ಮೊದಲ ಮಾತೇ ಅದು. ಬೈಯಲಿ, ಮಾತು ಬಿಡಲಿ.

ಹೊರಗೆ ಅವಳ ದನಿ. "ಏಳು ಬೇ, ಬಿಸಲು ಏರಾಕತ್ತದ. ನಿನಗ್ಯಾಕ ತ್ರಾಸ ಅಂತ ನಸುಕಿನಾಗ ನಾನೇ ನಿನ್ನ ಹಳೆ ಗಿಡದ ತೊಗಟಿ ಕೊಯ್ಕೊಂಡು ಹೋಗಿ ಹಚ್ಚಿದೆ. ಎರಡೇ ಉಳದಾವ —"