ಮಾಮೂಲ್‌ಪೇಟೆಯ ಆಟಗಾರ್ತಿ

ಮಾಮೂಲ್‌ಪೇಟೆ, ಬೆಂಗಳೂರು
12-11-2025, ಬುಧವಾರ

ಪ್ರೀತಿಯ ಅವ್ವಾ,

ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಶೇಂಗಾ ಬಿಡಿಸಲು ದಿನವಿಡೀ ಕುಕ್ಕರುಗಾಲಲ್ಲಿ ಕೂರುತ್ತಿದ್ದೀಯೋ? ತಮ್ಮ ಮಾರುತೇಶ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಾ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನ್ನೆಯಿಂದ ಅಂಗಡಿಯಲ್ಲಿ ಲೆಕ್ಕ ತಪ್ಪುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನೀನು ಸ್ಪೀಕರ್ ಹಾಕುತ್ತೀಯ, ಪಕ್ಕದ ಮನೆ ಪಾಪಕ್ಕ ನಿನಗಿಂತ ಮೊದಲೇ ಉತ್ತರ ಕೊಡುತ್ತಾಳೆ. ಅದಕ್ಕೇ ಈ ಕಾಗದ. ಒಬ್ಬಳೇ ಕೂತು ಓದು.

ನಮ್ಮೂರ ಯುವಕರ ಸಂಘದ ಪ್ರಭು ನಿನ್ನೆ ನನ್ನ ಫೋಟೋ ಇರುವ ಫ್ಲೆಕ್ಸಿನ ಡಿಸೈನ್ ಕಳಿಸಿದ. 'ಬಿ.ಜಿ. ಕೆರೆಯ ಹೆಮ್ಮೆಯ ಸ್ಟೇಟ್ ಆಟಗಾರ್ತಿ ಕುಮಾರಿ ಪವಿತ್ರಳಿಗೆ ಸನ್ಮಾನ' ಅಂತೆ. ಇದೇ 23ರ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಶಾಲು, ಹಾರ, ಮೈಕು. ಅವ್ವಾ, ನಾನು ಯಾವ ಸ್ಟೇಟ್ ಆಟವನ್ನೂ ಆಡಿಲ್ಲ! ಹೋದ ವಾರ ಫೋನಿನಲ್ಲಿ ನಾನು ಹೇಳಿದ್ದು 'ಸ್ಕೇಟ್ ಆಡ್ತೀನಿ' ಎಂದು. ನಿನಗೆ ಕೇಳಿಸಿದ್ದು 'ಸ್ಟೇಟ್'. 'ಹೌದೇನೇ ನನ್ ಕೂಸೇ!' ಎಂದು ನೀನು ಅತ್ತಾಗ, ಎಲ್ಲಿ ಬಿದ್ದುಬಿಡುತ್ತೇನೋ ಎಂದು ಅಳುತ್ತಿದ್ದೀಯ ಅಂದುಕೊಂಡೆ.

ಸ್ಕೇಟ್ ಎಂದರೆ ನಾಲ್ಕು ಗಾಲಿಯ ಹಲಗೆ. ಮಾರುತೇಶ ಚಳ್ಳಕೆರೆ ಗ್ಯಾರೇಜಿನಿಂದ ಹಳೇ ಬೇರಿಂಗ್ ತಂದು ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡುತ್ತಿದ್ದನಲ್ಲ, ಅಂಥದನ್ನೇ ನಿಂತು ಓಡಿಸುವುದು. ಕಲಿಸಿದವಳು ನನ್ನ ರೂಮಿನ ಗಂಗಾಂಬಿಕಾ. ವಾರವಿಡೀ ನಾನು ತಳ್ಳುಗಾಡಿಗಳ ಸಂದಿಯಲ್ಲಿ, 'ಹಟೋ ಹಟೋ' ಕೂಗಿನ ನಡುವೆ ನುಸುಳಿ ಕೆಲಸಕ್ಕೆಂದು ನಮ್ಮ ಅಂಗಿಗುಂಡಿ, ಲೇಸಿನ ಅಂಗಡಿ ಸೇರುತ್ತೇನೆ. ಅದೇ ಪೇಟೆ ಭಾನುವಾರ ಬೆಳಿಗ್ಗೆ ಶಟರ್ ಎಳೆದುಕೊಂಡು ಖಾಲಿ ಬಿದ್ದಿರುತ್ತದೆ. ಆಗ ನಾವಿಬ್ಬರೂ ಹೊರಡುತ್ತೇವೆ. ಅವೆನ್ಯೂ ರಸ್ತೆಯ ಕಾಂಕ್ರೀಟಿನ ಮೇಲೆ ಗಾಲಿ ಸರಾಗ ಜಾರುತ್ತದೆ; ಬಳೇಪೇಟೆಯ ಓಣಿಗೆ ತಿರುಗಿದರೆ ಚಪ್ಪಡಿ ಕಲ್ಲು ಹಲ್ಲು ಅಲುಗಾಡಿಸುತ್ತದೆ. ಇಲ್ಲಿದ್ದೂ ನೋಡದಿದ್ದ ಗುಡಿಗಳು, ದರ್ಗಾ, ಮರದ ಕಂಬದ ಹಳೇ ಮಹಡಿ ಮನೆಗಳು ಎಲ್ಲ ಈಗ ಕಾಣುತ್ತಿವೆ. ಈ ಊರೆಂದರೆ ಇದ್ದ ಹೆದರಿಕೆ ಹೋಗಿದೆ. ಒಬ್ಬ ವಾಚ್‌ಮನ್ ತಾತ ಮಾತ್ರ 'ಬಿದ್ರೆ ನಿಮ್ಮವ್ವಂಗೆ ಯಾರಮ್ಮಾ ಹೇಳೋರು?' ಎಂದು ಬೈಯುತ್ತಾನೆ. ಬಿದ್ದಿದ್ದೇನೆ, ಮೊಣಕೈ ತರಚಿದೆ, ಅಷ್ಟೇ.

ಹೆಣ್ಣುಮಗಳೊಬ್ಬಳನ್ನೇ ಬೆಂಗಳೂರಿಗೆ ಕಳಿಸಿದೆ ಎಂದು ನಿನ್ನ ಬೆನ್ನ ಹಿಂದೆ ಆಡಿಕೊಂಡವರೇ ಈಗ ಕರೆದು ಟೀ ಕೊಡುತ್ತಿದ್ದಾರಂತೆ, ಮಾರುತೇಶ ಹೇಳಿದ. ನಿಜ ಗೊತ್ತಾದರೆ ಅವರು ನಗುವುದು ನನ್ನನ್ನು ನೋಡಿ ಅಲ್ಲ, ನಿನ್ನನ್ನು ನೋಡಿ. ಸುಮ್ಮನೆ ಶಾಲು ಹೊದ್ದುಕೊಂಡು ಬಿಡಲೇ ಎಂದೂ ಅನ್ನಿಸಿತು. ಮೈಕಿನಲ್ಲಿ ಯಾರಾದರೂ 'ಯಾವ ಆಟಮ್ಮಾ?' ಎಂದು ಕೇಳಿದರೆ ಏನು ಹೇಳಲಿ?

ಬಿಸಿಲಲ್ಲಿ ತಿರುಗಬೇಡ. ಪಾಪಕ್ಕನಿಗೆ ನಮಸ್ಕಾರ ಹೇಳು, ಕಾಗದ ಮಾತ್ರ ತೋರಿಸಬೇಡ.

ನಿನ್ನ ಕೂಸು,
ಪವಿತ್ರ

ತಾ.ಕ.: ಫ್ಲೆಕ್ಸ್ ಇನ್ನೂ ಪ್ರಿಂಟ್ ಆಗಿಲ್ಲವಂತೆ. 'ಸ್ಟೇಟ್'ನ ಟ ಒತ್ತು ತೆಗೆದು ಕ ಒತ್ತು ಹಾಕಿಸಿದರೆ ಸಾಕು, ಬರೆದದ್ದೆಲ್ಲ ನಿಜವಾಗುತ್ತದೆ. 'ಹೆಮ್ಮೆ' ಎನ್ನುವುದು ಮಾತ್ರ ನಿನಗೆ ಬಿಟ್ಟದ್ದು. ಊರಲ್ಲಿ ಮುಖ ಎತ್ತಿ ಓಡಾಡಬೇಕಾದವಳು ನೀನು, ಅದಕ್ಕೇ ಪ್ರಭುವಿಗೆ ನಾನು ಏನೂ ಹೇಳಿಲ್ಲ; ಹೇಳುವುದೋ ಬಿಡುವುದೋ ನೀನೇ ನೋಡು. 23ರ ಭಾನುವಾರ ಹಲಗೆ ಹಿಡಿದು ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತುತ್ತೇನೆ. ನಮ್ಮೂರು ಬಂದಾಗ ಕಿಟಕಿಯಿಂದ ಫ್ಲೆಕ್ಸ್ ನೋಡುತ್ತೇನೆ. ಕ ಇದ್ದರೆ ಇಳಿಯುತ್ತೇನೆ. ಟ ಇದ್ದರೆ ಸೀಟಿನಲ್ಲೇ ತಗ್ಗಿ ಕೂತು ಹಾಗೇ ಮೊಳಕಾಲ್ಮೂರಿಗೆ ಹೋಗಿಬಿಡುತ್ತೇನೆ; ಪವಿತ್ರಳಿಗೆ ರಜೆ ಸಿಗಲಿಲ್ಲ ಎಂದು ಮೈಕಿನಲ್ಲಿ ಹೇಳಿಸು.