ಸದಸ್ಯ ಸಂಖ್ಯೆ ನಲವತ್ತೊಂದು

ವಿಜ್ಞಾನ ಕಥೆ ಓದುಗರ ಬಳಗದ ಕಾರ್ಯದರ್ಶಿಗಳಿಗೆ,

ನಮಸ್ಕಾರ. ಸಭೆಯ ಆಹ್ವಾನ ತಲುಪಿತು. "ನಮ್ಮ ಸದಸ್ಯರೆಲ್ಲ ಗಂಡಸರೇ, ಜೊತೆಗೆ ಬರುವ ಹೆಂಗಸರಿಗೆ ಪಕ್ಕದ ಕೋಣೆಯಲ್ಲಿ ಚಹಾ" ಎಂದು ಬರೆದಿದ್ದೀರಿ. ಅರ್ಜಿಯಲ್ಲಿ 'ಶ್ರೀ' ಎಂದಷ್ಟೇ ಅಚ್ಚಾಗಿತ್ತು, ಹಾಗಾಗಿ ನನ್ನ ಯಜಮಾನರ ಹೆಸರು ಬರೆದೆವು. ಅವರು ಒಂದು ಪುಟವನ್ನೂ ಓದಿದವರಲ್ಲ. ಓದುವವರು ಹೊಲಿಗೆ ಅಂಗಡಿಯ ನಾವು ನಾಲ್ವರು ಹೆಂಗಸರು. ಒಬ್ಬಳು ಗಟ್ಟಿಯಾಗಿ ಓದಿದರೆ ಉಳಿದವರು ಗುಂಡಿ ಹೊಲಿಯುತ್ತೇವೆ. ಮಂಗಳ ಗ್ರಹದಲ್ಲಿ ಗಾಳಿ ಮುಗಿದ ದಿನ ನಮ್ಮತ್ತೆ ಒಂದೇ ಅಂಗಿಗೆ ಎರಡು ಕಾಲರ್ ಹೊಲಿದುಬಿಟ್ಟರು. ನಿಮ್ಮ ಪಟ್ಟಿಯಲ್ಲಿ ಮಾತ್ರ ನಾವೆಲ್ಲ ಸೇರಿ ಒಬ್ಬ ಗಂಡಸು.

ದಯವಿಟ್ಟು ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ ಹಾಕಿಸಿ. ಅತ್ತೆಗೆ ಕಿವಿ ಮಂದ. ಯಜಮಾನರೂ ಬರುತ್ತಾರೆ. "ಅಲ್ಲಿ ನಾನೇನ್ ಮಾಡ್ಲಿ?" ಅಂದರು. ಪಕ್ಕದ ಕೋಣೆ ಇದೆಯಲ್ಲ ಎಂದೆ. ಅವರ ಚಹಾಕ್ಕೆ ಸಕ್ಕರೆ ಬೇಡ.

ಇಂತಿ,
ನಿಮ್ಮ ನಲವತ್ತೊಂದನೇ ಸದಸ್ಯರು, ನಾಲ್ವರೂ